ಅಡಿಗೆಮನೆಯ ಮಾತು: ಬಾದಾಮಿಯ ಚೀಸ್‌ಕೇಕು

ಚಳಿಗಾಲ ಬಂತೆಂದರೆ ದೆಹಲಿಯ ಕನ್ನಡ ಗೃಹಿಣಿಗೆ ಒಂದು ಚಿಂತೆ ತಪ್ಪದು. ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾದರೂ ಹಾಲಾಗಿಯೇ ಕುಳಿತಿರುತ್ತದೆ. ಮೊಸರನ್ನವಿಲ್ಲದೆ ಊಟ ಮುಗಿಸುವುದೋ, ಅದು ನಮ್ಮವರಿಗೆ ಇನ್ನೂ ಒಲಿಯದ ವಿದ್ಯೆ. ಈ ಸಲದ ನನ್ನ ಮಾತು ಆ ಮೊಸರಿನಿಂದ ಹೊರಟು ಕೇಕಿನ ತನಕ ಹೋಗಿದೆ. ಸೋದರಿಯರು ಬೇಸರಿಸದೆ ಜೊತೆಗೆ ಬರಬೇಕು.

ನಮ್ಮ ಮಗಳಿಗೆ ಈ ಜನವರಿಯಲ್ಲಿ ಹನ್ನೆರಡು ತುಂಬಿತು. "ಅಮ್ಮಾ, ಈ ಸಲ ಹುಟ್ಟಿದ ಹಬ್ಬಕ್ಕೆ ಚೀಸ್‌ಕೇಕೇ ಆಗಬೇಕು" ಎಂದು ಡಿಸೆಂಬರಿನಿಂದಲೇ ಹಟ ಹಿಡಿದಿದ್ದಳು. ಅದೇನು ಮಹಾ, ಪೇಟೆಯಿಂದ ತಂದರಾಯಿತು ಎಂದುಕೊಂಡೆ. ಆದರೆ ಅವಳು ಮೆಲ್ಲನೆ ಇನ್ನೊಂದು ಮಾತು ಸೇರಿಸಿದಳು: "ಅಜ್ಜಿಯೂ ತಿನ್ನುವ ಹಾಗಿರಬೇಕು."

ಮಾವನವರು ತೀರಿಕೊಂಡ ಮೇಲೆ, ಎರಡು ವರ್ಷದಿಂದ, ನಮ್ಮ ಅತ್ತೆಯವರು ಧಾರವಾಡದ ಮನೆಗೆ ಬೀಗ ಹಾಕಿ ದ್ವಾರಕೆಯ ನಮ್ಮ ಆರನೆಯ ಅಂತಸ್ತಿನ ಮನೆಯಲ್ಲಿದ್ದರು. ಹೋದ ವರ್ಷದ ಹುಟ್ಟಿದ ಹಬ್ಬದ ದಿನ ಮೊಮ್ಮಗಳ ಬಾಯಿಗೆ ಸಕ್ಕರೆ ಹಾಕಿ ಹರಸಿ, ಕೇಕು ಕತ್ತರಿಸುವ ಹೊತ್ತಿಗೆ ತಮ್ಮ ಕೋಣೆಗೆ ಹೋಗಿಬಿಟ್ಟರು. "ತತ್ತಿ ಹಾಕಿದ್ದು ನನಗ ಬ್ಯಾಡವಾ, ನೀವು ತಿನ್ರಿ" ಎಂದಷ್ಟೇ ಹೇಳಿದ್ದರು. ನಾವು ದೊಡ್ಡವರು ಅದನ್ನು ಮರೆತೆವು. ಹುಡುಗಿ ಮರೆತಿರಲಿಲ್ಲ.

ಮೊಟ್ಟೆಯಿಲ್ಲದ ಚೀಸ್‌ಕೇಕಿಗಾಗಿ ಪೇಟೆ ಸುತ್ತಿದೆ. ಒಂದು ಅಂಗಡಿಯಲ್ಲಿ ಮೊಟ್ಟೆಯಿಲ್ಲದ್ದು ಸಿಕ್ಕಿತು. ಗಟ್ಟಿಯಾಗಲು ಏನು ಹಾಕುತ್ತೀರಿ ಎಂದು ಕೇಳಿದರೆ ಜೆಲಟಿನ್ ಎಂದರು. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ ಮೂಳೆಗಳಿಂದ ತೆಗೆಯುವ ಪದಾರ್ಥ. ಕೈ ಮುಗಿದು ಹೊರಬಂದೆ. ಇನ್ನು ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಯಿತು.

ಮೊದಲ ಪ್ರಯೋಗ ಹುಟ್ಟಿದ ಹಬ್ಬಕ್ಕೆ ಹತ್ತು ದಿನ ಮುಂಚೆ ನಡೆಯಿತು. ಮನೆಯಲ್ಲಿ ಮೊಸರು ಆಗದ್ದರಿಂದ ಪೊಟ್ಟಣದ ತೆಳು ಮೊಸರನ್ನೇ ತಂದು, ಎರಡು ಗಂಟೆ ಜರಡಿಯಲ್ಲಿಟ್ಟು, ಸಕ್ಕರೆ ಕಲಸಿ, ಜೋರು ಉರಿಯಲ್ಲಿ ಬೇಯಿಸಿದೆ. ಹೊರಗೆ ಬಂದ ಪದಾರ್ಥದ ಮೈಮೇಲೆ ಬೇಸಿಗೆಯ ಕೆರೆಯಂಗಳದಂತೆ ಬಿರುಕು, ತಳದಲ್ಲಿ ನೀರು! ನಮ್ಮ ಮನೆಯವರು ಅದನ್ನು ಚಮಚದಲ್ಲಿ ತಿಂದು "ಪಾಯಸ ಚೆನ್ನಾಗಿದೆ" ಎಂದರು.

ಅಷ್ಟರಲ್ಲಿ ಅತ್ತೆಯವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ತಟ್ಟೆಯನ್ನೊಮ್ಮೆ ನೋಡಿ, "ಮಸರು ಎಷ್ಟೊತ್ತು ಕಟ್ಟಿದ್ದಿ?" ಎಂದು ಕೇಳಿದರು. ಎರಡು ಗಂಟೆ ಎಂದೆ. "ಎರಡು ತಾಸಿನಾಗ ಚಕ್ಕಾ ಆಗತದೇನು? ಶ್ರೀಖಂಡಕ್ಕಾದರ ರಾತ್ರಿಯೆಲ್ಲಾ ಕಟ್ಟತೀವಿ. ಇದೂ ಅದೇ ಅಲ್ಲೇನು?"

ಇದೂ ಅದೇ! ನನಗೆ ಆವರೆಗೆ ಹೊಳೆದಿರಲಿಲ್ಲ. ನೋಡಹೋದರೆ ಚೀಸ್‌ಕೇಕು ಎನ್ನುವುದು ಹುಳಿಗಟ್ಟಿಸಿ ನೀರು ಬಸಿದ ಹಾಲನ್ನು ಸಿಹಿ ಮಾಡಿ ಬೇಯಿಸಿದ್ದೇ ತಾನೆ? ಕ್ರಿಸ್ತಪೂರ್ವ 160ರ ಸುಮಾರಿನಲ್ಲಿ ರೋಮಿನ ಕೇಟೋ ಎಂಬಾತ ಬರೆದ ಬೇಸಾಯದ ಗ್ರಂಥದಲ್ಲಿ ಇಂಥದೊಂದು ಕ್ರಮವಿದೆ. ಎರಡು ಪೌಂಡು ಗಿಣ್ಣನ್ನು ಅರೆದು, ಹಿಟ್ಟು ಮತ್ತು ಒಂದು ಮೊಟ್ಟೆ ಸೇರಿಸಿ, ಎಲೆಯ ಮೇಲಿಟ್ಟು, ಮಡಕೆ ಮುಚ್ಚಿ ಮೆಲ್ಲನೆ ಬೇಯಿಸಬೇಕೆಂದು. ನಮ್ಮ ದೇಶದಲ್ಲೇ ಒಡಿಶಾದ ನಯಾಗಢದ ಕಡೆಯವರು ಸಕ್ಕರೆ ಬೆರೆಸಿದ ಛೇನಾವನ್ನು ಸಾಲದ ಎಲೆಯಲ್ಲಿ ಸುತ್ತಿ ಸುಟ್ಟು 'ಛೇನಾ ಪೋಡ' ಮಾಡುತ್ತಾರೆ. ಇನ್ನು ನಮ್ಮವರೇನು ಹಿಂದುಳಿದವರೆ? ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ, ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣದಿಂದ ಆಳುತ್ತಿದ್ದಾಗ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಹುಳಿ ಹಾಕಿ ಒಡೆದ ಹಾಲಿನ ಗಟ್ಟಿಗೆ ಅಕ್ಕಿಹಿಟ್ಟು ಸೇರಿಸಿ ಕರಿದು ಸಕ್ಕರೆಯಲ್ಲಿ ಹೊರಳಿಸುವ ಭಕ್ಷ್ಯವೊಂದುಂಟು. ದೊರೆಯ ಊಟದಲ್ಲಿದ್ದದ್ದು ಈಗ ಗಾಜಿನ ಕಪಾಟಿನಿಂದ ನಮ್ಮನ್ನು ನೋಡಿ ನಗುತ್ತಿದೆ, ಅಷ್ಟೇ.

ಆ ರಾತ್ರಿಯಿಂದ ಮೊಸರಿನ ಖಾತೆಯನ್ನು ಅತ್ತೆಯವರೇ ವಹಿಸಿಕೊಂಡರು. ದೆಹಲಿಯ ಜನವರಿಯಲ್ಲಿ ರಾತ್ರಿಯ ಉಷ್ಣಮಾನ 7–8 ಡಿಗ್ರಿಗೆ ಇಳಿಯುವುದು ಸಾಮಾನ್ಯ. ಹೆಪ್ಪಿಗೆ ಬೇಕಾದದ್ದು 40 ಡಿಗ್ರಿಯ ಆಸುಪಾಸಿನ ಬಿಸುಪು. ಅವರು ಹಾಲನ್ನು ಕಿರುಬೆರಳು ತಾಳುವಷ್ಟು ಬಿಸಿ ಇಟ್ಟು, ಎಂದಿಗಿಂತ ಎರಡರಷ್ಟು ಹೆಪ್ಪು ಹಾಕಿ, ಪಾತ್ರೆಗೆ ಹಳೆಯ ಶಾಲು ಸುತ್ತಿ, ಅಕ್ಕಿಯ ಡಬ್ಬಿಯೊಳಗೆ ಹುಗಿದಿಟ್ಟರು. ಬೆಳಗ್ಗೆ ನೋಡಿದರೆ ಚಾಕುವಿನಿಂದ ಕೊಯ್ಯುವಂಥ ಮೊಸರು. ಆಮೇಲೆ ತಮ್ಮ ಟ್ರಂಕಿನಿಂದ ಒಂದು ಬಿಳಿಯ ಬಟ್ಟೆ ತಂದರು. ಮಾವನವರ ಹಳೆಯ ಧೋತರದ ತುಂಡು. ಒಗೆದು ಒಗೆದು ಮಲ್ಲಿನಂತೆ ತೆಳುವಾಗಿತ್ತು. "ಇದರಾಗ ಕಟ್ಟಿದರ ನೀರು ಛಲೋ ಇಳೀತದ" ಎಂದರು. ನಾನು ಏನೂ ಮಾತಾಡಲಿಲ್ಲ.

ಈಗ ಬಾದಾಮಿಯ ಮಾತು. ಅದು ಅಲಂಕಾರಕ್ಕಲ್ಲ. ಅಮೆರಿಕದಲ್ಲಿ ಚೀಸ್‌ಕೇಕಿಗೆ ಹಾಕುವ ಕ್ರೀಮ್ ಚೀಸಿನಲ್ಲಿ ನೂರಕ್ಕೆ 33 ಭಾಗವಾದರೂ ಹಾಲಿನ ಕೊಬ್ಬಿರಬೇಕೆಂದು ಅಲ್ಲಿನ ನಿಯಮ. ನಮ್ಮ ಕಟ್ಟಿದ ಮೊಸರಿನಲ್ಲಿ ಅದರ ಅರ್ಧವೂ ಇರುವುದಿಲ್ಲ. ಆದುದರಿಂದಲೇ ಬರಿಯ ಮೊಸರಿನ ಕೇಕು ಒಣಕಲಾಗುತ್ತದೆ. ಬಾದಾಮಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ನುಣ್ಣಗೆ ಅರೆದು ಸೇರಿಸಿದರೆ ಕೊಬ್ಬಿನ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮೊಟ್ಟೆಯಿಲ್ಲದ ಹೂರಣಕ್ಕೆ ಹಿಡಿತವೂ ಬರುತ್ತದೆ.

ಹೆಚ್ಚಾಗಿ ಬೇಕಾದವರು ಚಾಂದನಿ ಚೌಕದ ತುದಿಯಲ್ಲಿ, 1650ರಲ್ಲಿ ಕಟ್ಟಿದ ಫತೇಪುರಿ ಮಸೀದಿಯ ಪಕ್ಕದ ಖಾರಿ ಬಾವಲಿಗೆ ಹೋಗಿಬರಬಹುದು. ಅಲ್ಲಿ ಮಾಮ್ರಾ, ಗುರ್ಬಂದಿ, ಕ್ಯಾಲಿಫೋರ್ನಿಯಾ ಎಂದು ಬಗೆಬಗೆ. ಮಾಮ್ರಾ ಬಲು ತುಟ್ಟಿ. ಅದನ್ನು ಮಕ್ಕಳಿಗೆ ನೆನೆಸಿ ಕೊಡಿ. ಗುರ್ಬಂದಿಯಲ್ಲಿ ಒಮ್ಮೊಮ್ಮೆ ಕಹಿ ಬೀಜ ಸಿಕ್ಕುವುದುಂಟು. ಕಹಿ ಬಾದಾಮಿಯಲ್ಲಿ ವಿಷಾಂಶವಿರುತ್ತದೆ. ಬಾಯಿಗೆ ಸಿಕ್ಕರೆ ಉಗುಳಬೇಕು, ಅರೆಯಲು ಹಾಕಲೇಬಾರದು. ಕೇಕಿಗೆ ಕ್ಯಾಲಿಫೋರ್ನಿಯಾ ಬಾದಾಮಿಯೇ ಸಾಕು.

ಬೇಕಾಗುವ ಸಾಮಾನುಗಳು: ತಳಕ್ಕೆ ಮೇರಿ ಬಿಸ್ಕತ್ತು 150 ಗ್ರಾಂ, ಕರಗಿಸಿದ ಬೆಣ್ಣೆ 70 ಗ್ರಾಂ, ಹುರಿದು ತರಿಯಾಗಿ ಕುಟ್ಟಿದ ಬಾದಾಮಿ 30 ಗ್ರಾಂ. ಹೂರಣಕ್ಕೆ ಕಟ್ಟಿದ ಮೊಸರು 400 ಗ್ರಾಂ (ಕೆನೆ ತೆಗೆಯದ ಒಂದು ಲೀಟರು ಹಾಲಿನ ಮೊಸರಿನಿಂದ ಸುಮಾರು ಇಷ್ಟು ಬರುತ್ತದೆ), ಮನೆಯಲ್ಲಿ ಒಡೆದ ತಾಜಾ ಪನೀರು 200 ಗ್ರಾಂ, ಬಾದಾಮಿ 100 ಗ್ರಾಂ, ಕಂಡೆನ್ಸ್‌ಡ್ ಮಿಲ್ಕ್ 300 ಗ್ರಾಂ, ಕಾರ್ನ್‌ಫ್ಲೋರ್ ಎರಡು ದೊಡ್ಡ ಚಮಚ, ಏಲಕ್ಕಿ ನಾಲ್ಕು, ಒಂದು ನಿಂಬೆಹಣ್ಣಿನ ತುರಿದ ಹಳದಿ ಸಿಪ್ಪೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಹಸಿರು ಗುರುತು ನೋಡಿಕೊಳ್ಳಿ.

ಮಾಡುವ ಕ್ರಮ: ಮೊಸರನ್ನು ತೆಳು ಬಟ್ಟೆಯಲ್ಲಿ ಎಂಟು ಹತ್ತು ಗಂಟೆ ತೂಗುಹಾಕಿ. ಚಳಿಗಾಲದಲ್ಲಿ ನಲ್ಲಿಗೆ ಕಟ್ಟಿದರೆ ಸಾಕು. ಬೇಸಿಗೆಯಲ್ಲಿ ರೆಫ್ರಿಜರೇಟರಿನೊಳಗೇ ಜರಡಿಯ ಮೇಲಿಡಿ, ಇಲ್ಲದಿದ್ದರೆ ದೆಹಲಿಯ ಮೇ ತಿಂಗಳಿಗೆ ಹುಳಿಯಾಗಿ ಹೋಗುತ್ತದೆ. ಬಾದಾಮಿಯನ್ನು ಕುದಿನೀರಲ್ಲಿ ಒಂದೆರಡು ನಿಮಿಷ ಬಿಟ್ಟು ಸಿಪ್ಪೆ ಬಿಡಿಸಿ, ಒಂದು ಗಂಟೆ ನೆನೆಸಿ, ಕಂಡೆನ್ಸ್‌ಡ್ ಮಿಲ್ಕ್ ಹಾಕಿಯೇ ಅರೆಯಿರಿ, ನೀರು ಬೇಡ. ಬಳಿಕ ಪನೀರು ಹಾಕಿ, ಬೆರಳಿಗೆ ತರಿ ತಾಗದಷ್ಟು ನುಣ್ಣಗೆ ಮಾಡಿ. ಕೊನೆಗೆ ಮೊಸರು, ಕಾರ್ನ್‌ಫ್ಲೋರ್, ಏಲಕ್ಕಿ ಪುಡಿ, ನಿಂಬೆ ತುರಿ ಸೇರಿಸಿ ಚಮಚದಿಂದ ಮೆಲ್ಲಗೆ ಬೆರೆಸಿ. ಇಲ್ಲಿ ಮಿಕ್ಸಿ ತಿರುಗಿಸಿದಿರೋ, ಗಾಳಿ ತುಂಬಿ ಕೇಕು ಉಬ್ಬಿ, ಆಮೇಲೆ ಬಿರಿಯುತ್ತದೆ.

ತಳ ಬಿಡಿಸಬಹುದಾದ 7 ಅಂಗುಲದ ಅಚ್ಚಿಗೆ ಬೆಣ್ಣೆ ಸವರಿ, ಬಿಸ್ಕತ್ತಿನ ಪುಡಿ, ಬಾದಾಮಿ, ಬೆಣ್ಣೆ ಕಲಸಿ ಬಟ್ಟಲಿನ ತಳದಿಂದ ಒತ್ತಿ. ಒಲೆಯನ್ನು 160 ಡಿಗ್ರಿಗೆ ಕಾಯಿಸಿ ಹತ್ತು ನಿಮಿಷ ಬೇಯಿಸಿ ಆರಿಸಿ. ಅಚ್ಚಿನ ಹೊರಮೈಗೆ ಎರಡು ಪದರ ಫಾಯಿಲ್ ಸುತ್ತಿ, ಹೂರಣ ಸುರಿದು, ಬಿಸಿನೀರಿನ ತಟ್ಟೆಯಲ್ಲಿಟ್ಟು, ಅದೇ ಶಾಖದಲ್ಲಿ ಐವತ್ತು ನಿಮಿಷದಿಂದ ಒಂದು ಗಂಟೆ ಬೇಯಿಸಿ. ಅಂಚು ಗಟ್ಟಿಯಾಗಿ ನಡು ಮಾತ್ರ ತುಸು ಅಲುಗುವಾಗಲೇ ಒಲೆ ಆರಿಸಬೇಕು. ಬಾಗಿಲು ಸ್ವಲ್ಪ ತೆರೆದು ಒಂದು ಗಂಟೆ ಅಲ್ಲೇ ಬಿಡಿ. ಪೂರ್ತಿ ಆರಿದ ಮೇಲೆ ರೆಫ್ರಿಜರೇಟರಿನಲ್ಲಿ ಒಂದು ರಾತ್ರಿ. ಈ ರಾತ್ರಿಯನ್ನು ಉಳಿಸಲು ಹೋದವರು ಕೇಕನ್ನು ಉಳಿಸಿಕೊಳ್ಳಲಾರರು.

ಕೇಕಿನ ಒಲೆಯಿಲ್ಲದ ಸೋದರಿಯರು ನಿರಾಶರಾಗಬೇಕಿಲ್ಲ. ಬಿಸ್ಕತ್ತಿನ ತಳ ಬಿಟ್ಟು, ಹೂರಣವನ್ನು ಮಾತ್ರ ಬೆಣ್ಣೆ ಸವರಿದ ಸ್ಟೀಲಿನ ಡಬ್ಬಿಗೆ ಹಾಕಿ, ಆವಿಯ ಹನಿ ಬೀಳದಂತೆ ತಟ್ಟೆ ಮುಚ್ಚಿ, ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಮುಕ್ಕಾಲು ಗಂಟೆ ಬೇಯಿಸಿ. ಊರಲ್ಲಿ ಹಸು ಕರು ಹಾಕಿದಾಗ ಗಿಣ್ಣು ಬೇಯಿಸುತ್ತಿದ್ದುದೂ ಹೀಗೆಯೇ ಅಲ್ಲವೆ? ತಣ್ಣಗಾದ ಮೇಲೆ ಹುರಿದ ಬಾದಾಮಿ ಚೂರು ಉದುರಿಸಿ.

ಕೆಟ್ಟರೆ ಏಕೆ ಕೆಟ್ಟಿತೆಂದು ತಿಳಿದಿರಬೇಕು. ಬಿರುಕು ಬಿಟ್ಟರೆ ಉರಿ ಹೆಚ್ಚಾಯಿತು, ಇಲ್ಲವೆ ಬಿಸಿಯಲ್ಲೇ ಹೊರಗೆ ತೆಗೆದಿರಿ. ತಳದಲ್ಲಿ ನೀರು ನಿಂತರೆ ಮೊಸರು ಸರಿಯಾಗಿ ಬಸಿಯಲಿಲ್ಲ. ತರಿತರಿಯಾದರೆ ಪನೀರು ನುಣ್ಣಗಾಗಲಿಲ್ಲ. ಹೊರಗಿನ ಮಕ್ಕಳಿಗೆ ಕೊಡುವ ಮುನ್ನ ಬಾದಾಮಿ ಒಗ್ಗುತ್ತದೆಯೇ ಎಂದು ಅವರ ತಾಯಂದಿರನ್ನು ಕೇಳಿಬಿಡಿ. ಕೆಲವರಿಗೆ ಅದು ಅಪಾಯ ತರುವುದುಂಟು.

ಹುಟ್ಟಿದ ಹಬ್ಬದ ಸಂಜೆ ಕೇಕು ಬಿರುಕಿಲ್ಲದೆ ಬಂತು. ಮಗಳು ಮೊದಲ ತುಂಡನ್ನು ಅಜ್ಜಿಯ ಬಾಯಿಗೇ ಇಟ್ಟಳು. ಅತ್ತೆಯವರು ನಿಧಾನವಾಗಿ ನುಂಗಿ, "ಸಕ್ಕರಿ ಒಂಚೂರು ಮುಂದಾತು" ಎಂದು ತೀರ್ಪು ಕೊಟ್ಟರು. ಮತ್ತೊಂದು ತುಂಡು ಕೇಳಿ ಹಾಕಿಸಿಕೊಂಡರು. ಎದುರು ಮನೆಯ ಪಂಜಾಬಿ ತಾಯಿ ಮರುವಾರ ಮೊಸರು ಕಟ್ಟುವುದನ್ನು ಕಲಿಯಲು ಬಂದರು. ಅತ್ತೆಯವರಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ನಡುವೆ ನನ್ನ ಮಗಳು ನಿಂತು ಅಜ್ಜಿಯ ಧಾರವಾಡದ ಮಾತನ್ನು ಹಿಂದಿಗೆ ತಿರುಗಿಸಿದಳು. "ನನಗಿಲ್ಲಿ ಏನು ಕೆಲಸ?" ಎಂದು ಎರಡು ವರ್ಷ ದಿನಕ್ಕೊಮ್ಮೆ ಕೇಳುತ್ತಿದ್ದವರು ಆ ಚಳಿಗಾಲದಲ್ಲಿ ಅದನ್ನು ಕೇಳಿದ್ದು ನನಗೆ ನೆನಪಿಲ್ಲ.

ಕೇಕು ತಿಂದು ಅವರು ಇಲ್ಲೇ ನಿಂತರೆಂದು ಬರೆದರೆ ಸುಳ್ಳಾದೀತು. ಯುಗಾದಿಗೆ ಮುಂಚೆ ಮನೆಯ ಬೀಗ ತೆಗೆಯಲು ಧಾರವಾಡಕ್ಕೆ ಹೊರಟೇಬಿಟ್ಟರು. ಹೊರಡುವ ದಿನ ಆ ಧೋತರದ ತುಂಡನ್ನು ಒಗೆದು, ಮಡಿಸಿ, ಅಕ್ಕಿಯ ಡಬ್ಬಿಯ ಮೇಲಿಟ್ಟು ಹೋದರು. ಈಗ ಮೊಸರಿಗೆ ಹೆಪ್ಪು ಹಾಕುವುದು ನನ್ನ ಮಗಳ ಕೆಲಸ. ಸಂದೇಹ ಬಂದಾಗಲೆಲ್ಲ ಅಜ್ಜಿಗೆ ಫೋನು ಮಾಡುತ್ತಾಳೆ, ಕನ್ನಡದಲ್ಲಿ. ಬೇರೆ ಭಾಷೆಯಲ್ಲಿ ಕೇಳಿದರೆ ಅಜ್ಜಿ ಉತ್ತರ ಕೊಡುವುದಿಲ್ಲವಲ್ಲ!