ಈ ಮಗು ಇವತ್ತು ಮಾತಾಡಿತೇ?

ನಮ್ಮ ಬಹುತೇಕ ಶಾಲೆಗಳಲ್ಲಿ ಕಪ್ಪುಹಲಗೆಯ ಮೂಲೆಯಲ್ಲೊಂದು ಪಟ್ಟಿ ಇರುತ್ತದೆ. ತಲೆಬರಹ ‘ಮಾತಾಡಿದವರು’. ಮೇಷ್ಟ್ರು ಆಫೀಸ್ ರೂಮಿಗೆ ಹೋದಾಗ ಕ್ಲಾಸ್ ಲೀಡರ್ ಬರೆದದ್ದು. ಒಮ್ಮೆ ಬಾಯಿಬಿಟ್ಟರೆ ಹೆಸರು, ಮತ್ತೆ ಬಿಟ್ಟರೆ ಹೆಸರಿನ ಮುಂದೊಂದು ಇಂಟು ಮಾರ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆ ನಮ್ಮ ಕೈಯಿಂದ ಕೋಲು ಕಿತ್ತುಕೊಂಡಿತು; ಆ ಪಟ್ಟಿಯನ್ನು ಮಾತ್ರ ಯಾವ ಕಾಯ್ದೆಯೂ ಮುಟ್ಟಲಿಲ್ಲ. ಅದೇ ಕೋಣೆಯ ಗೋಡೆಯ ಮೇಲೆ ನುಡಿಯ ಬಗ್ಗೆ ಬಸವಣ್ಣನವರ ವಚನ ಬಣ್ಣದಲ್ಲಿ ಬರೆಸಿರುತ್ತೇವೆ. ಅದನ್ನು ಬಾಯಿಪಾಠ ಮಾಡಿಸಿ, ಒಪ್ಪಿಸಿಕೊಂಡು, ಆಮೇಲೆ ‘ಕೈ ಕಟ್ಟು, ಬಾಯಿ ಮೇಲೆ ಬೆರಳು’ ಅನ್ನುತ್ತೇವೆ.

ಮೇಷ್ಟ್ರುಗಳೇ, ಅಕ್ಕೋರುಗಳೇ, ಇದನ್ನು ಹೊರಗಿನವರು ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಅದಕ್ಕೇ ನಮ್ಮೊಳಗೇ ಮಾತಾಡಿಕೊಳ್ಳೋಣ.

ಡಿ.ಎಡ್., ಬಿ.ಎಡ್. ಮಾಡಿದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ‘ಆಮಾಓಬ’ ಎಂದು ಹೇಳಿಯಾರು: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಿದ್ದೇವೆ. ತರಗತಿಗೆ ಬಂದ ಮೇಲೆ ಮೊದಲ ಎರಡನ್ನು ಬಿಟ್ಟು ನೇರ ಓದು-ಬರಹಕ್ಕೆ ಇಳಿಯುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ 100 ಲಿಖಿತ ಪರೀಕ್ಷೆಗೆ. ಉಳಿದ 25 ಆಂತರಿಕ ಅಂಕ ಹೇಗೆ ತುಂಬುತ್ತವೆ, ಪ್ರಾಜೆಕ್ಟ್ ಫೈಲಿನ ಬಣ್ಣದ ಹೊದಿಕೆಗೆ ಎಷ್ಟು ಬೆಲೆ, ಮಗುವಿನ ಮಾತಿಗೆ ಎಷ್ಟು ಬೆಲೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ.

ನಮ್ಮ ಶಾಲೆಯಲ್ಲಿ ಭಾಷಣ ಮಾಡಿಸುತ್ತೇವಲ್ಲ ಎಂದು ಕೇಳುವವರಿದ್ದಾರೆ. ಮಾಡಿಸುತ್ತೇವೆ, ಆಗಸ್ಟ್ 15ಕ್ಕೆ, ಪ್ರತಿಭಾ ಕಾರಂಜಿಗೆ. ಭಾಷಣ ಬರೆದುಕೊಡುವವರು ನಾವು. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗಿ ಮೂರನೇ ವಾಕ್ಯದಲ್ಲಿ ಮಗು ಮರೆತು ನಮ್ಮ ಮುಖ ನೋಡುತ್ತದೆ, ನಾವು ಕೆಳಗಿನಿಂದ ತುಟಿ ಅಲ್ಲಾಡಿಸುತ್ತೇವೆ. ಅದೂ ಪ್ರತಿ ಸಲ ಅದೇ ನಾಲ್ಕು ಮಕ್ಕಳು. ಪ್ರಾರ್ಥನೆಯ ಹೊತ್ತಿಗೆ ಪೇಪರ್ ಓದುವವರು ಅವರೇ, ಬಿಇಒ ಬಂದಾಗ ಸ್ವಾಗತ ಕೋರುವವರೂ ಅವರೇ. ಆ ನಾಲ್ವರು ಶಾಲೆಗೆ ಬರುವ ಮೊದಲೇ ಮಾತು ಬಲ್ಲವರಾಗಿದ್ದರು. ನಾವು ಕಲಿಸಬೇಕಾಗಿದ್ದದ್ದು ಉಳಿದವರಿಗೆ.

ಇದು ಬರೀ ಕಲಿಕೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದೇವೆ. ಆ ನಂಬರಿಗೆ ಫೋನು ಹಚ್ಚಿ ‘ನನಗೆ ಹೀಗೆ ಆಗಿದೆ’ ಅನ್ನಬೇಕಾದ ಮಗುವಿಗೆ ಏಳು ವರ್ಷ ನಾವು ಕಲಿಸಿದ್ದು ‘ಹೂಂ ಸಾ...ರ್’ ಒಂದನ್ನೇ. ಬಾಲ್ಯವಿವಾಹಕ್ಕೆ ಮನೆಯವರು ದಿನ ಗೊತ್ತು ಮಾಡಿದಾಗ, ನೆಂಟನೊಬ್ಬ ಕೈ ಹಾಕಿದಾಗ, ವಾರ್ಡನ್ ಬೈದು ಊಟ ಕೊಡದಿದ್ದಾಗ ಆ ಮಗು ಯಾವ ಬಾಯಿಂದ ಹೇಳಬೇಕು? ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ಕೂರುತ್ತದೆ. ಅಲ್ಲಿ ಎದ್ದುನಿಂತು ನಮ್ಮ ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎನ್ನುವ ಮಗುವನ್ನು ನೋಡಿ. ಅದಕ್ಕೆ ಯಾವನೋ ಒಬ್ಬ ಮೇಷ್ಟ್ರು ಮೊದಲು ಕಿವಿ ಕೊಟ್ಟಿರುತ್ತಾನೆ.

ಮಕ್ಕಳಿಗೆ ಮಾತು ಬರುವುದಿಲ್ಲ ಎಂಬುದೂ ಸುಳ್ಳು. ಸಂತೆಯಲ್ಲಿ ಅವ್ವನ ಪಕ್ಕ ಕೂತು ಮೆಣಸಿನಕಾಯಿ ಮಾರುವ ಹುಡುಗನಿಗೆ ಗಿರಾಕಿಯ ಜೊತೆ ಚೌಕಾಸಿ ಗೊತ್ತು. ಕ್ಲಾಸಿನಲ್ಲಿ ಅವನು ‘ಆಲು’ ಅಂದೊಡನೆ ‘ಹಾಲು ಅನ್ನೋ, ಹಾಲು’ ಎಂದು ತಿದ್ದುತ್ತೇವೆ. ಇಡೀ ಕ್ಲಾಸು ನಗುತ್ತದೆ. ಅವತ್ತಿನಿಂದ ಅವನು ಹೇಳಲು ಬಂದಿದ್ದ ಸಂಗತಿಯೇ ಕಾಣೆ. ಹಕಾರ ನಾಳೆಯಾದರೂ ಬಂದೀತು, ಹೋದ ಧೈರ್ಯ ಬರುವುದು ಕಷ್ಟ. ಈ ನಗೆಯಲ್ಲಿ ಜಾತಿಯ ವಾಸನೆ ಇದೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕು. ತಾಂಡಾದ ಮಗು ಲಂಬಾಣಿಯಲ್ಲಿ, ಬೀದರಿನ ಮಗು ಉರ್ದು-ಮರಾಠಿ ಬೆರೆಸಿ ಹೇಳಿದರೆ ಮೊದಲು ಹೇಳಲು ಬಿಡಿ. ಪಕ್ಕದ ಮಗು ಕನ್ನಡದಲ್ಲಿ ತಿರುಗಿಸಿ ಹೇಳಲಿ. ಮನೆಮಾತಿನಲ್ಲೇ ಬಾಯಿ ಬಿಡದ ಮಗುವಿಗೆ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇವೆಂದು ಹೊರಟಿರುವವರ ಭಂಡಧೈರ್ಯಕ್ಕೆ ಏನನ್ನಬೇಕೋ ತಿಳಿಯದು.

ದಾರಿಗಳಿಗೇನೂ ಬರವಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಸಂಗತಿ ಕಂಡುಕೊಂಡರು: ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕೆ ಕಾಯುವುದು ಒಂದು ಸೆಕೆಂಡಿನಷ್ಟು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ಉದ್ದವಾದವು, ದಡ್ಡರೆನಿಸಿಕೊಂಡವರೂ ಬಾಯಿಬಿಟ್ಟರು. ಮೂರು ಸೆಕೆಂಡಿಗೆ ಯಾವ ಅನುದಾನ ಬೇಕು? 40 ನಿಮಿಷದ ಪಿರಿಯಡ್‌ನಲ್ಲಿ 40 ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿದರೆ ತಲೆಗೊಂದು ನಿಮಿಷ. ಜೋಡಿ ಮಾಡಿ ಬಿಟ್ಟರೆ 20 ಬಾಯಿಗಳು ಒಟ್ಟಿಗೇ ತೆರೆಯುತ್ತವೆ. ಗಲಾಟೆಯಾಗುತ್ತದೆ, ನಿಜ. ಹೆಡ್‌ಮಾಸ್ಟರು ಕಿಟಕಿಯಿಂದ ಇಣುಕಿದರೆ ಇಣುಕಲಿ.

ಕರಾವಳಿ, ಮಲೆನಾಡಿನವರಿಗೆ ತಾಳಮದ್ದಳೆ ಹೊಸದೇನಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ನಿಲ್ಲಿಸುತ್ತಾರೆ. ಅರ್ಥಧಾರಿ ಕೂತಲ್ಲೇ ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತನ್ನು ಆಡುತ್ತಾನೆ. ಎದುರಿನವನು ಅದಕ್ಕೆ ತಕ್ಕ ಉತ್ತರ ಅಲ್ಲೇ ಹುಡುಕಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಬೆಳೆದದ್ದು ಈ ಗರಡಿಯಲ್ಲಿ. ಇದನ್ನೇ ತರಗತಿಗೆ ತನ್ನಿ. ಒಂದು ಮಗು ವಾಲಿ, ಒಂದು ಮಗು ರಾಮ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂದು ವಾಲಿ ಕೇಳಲಿ. ಚೀಟಿ ನೋಡುವಂತಿಲ್ಲ, ಗ್ರಾಂಥಿಕ ಕನ್ನಡ ಬೇಕಿಲ್ಲ, ‘ಏನೋ ರಾಮಣ್ಣ, ಹಿಂಗಾ ಮಾಡೋದು’ ಎಂದರೂ ಸರಿ. ರಾಮನಾದ ಮಗು ತಡವರಿಸುತ್ತದೆ, ಹಿಂದಿನ ಬೆಂಚಿನಿಂದ ಯಾರೋ ವಾದ ಕೊಡುತ್ತಾರೆ, ಹತ್ತು ನಿಮಿಷದಲ್ಲಿ ಕ್ಲಾಸು ಎರಡು ಪಕ್ಷವಾಗುತ್ತದೆ. ಹಾಗೆ ವಾದ ಕೊಟ್ಟವನ ಹೆಸರು ಅಲ್ಲಿಯವರೆಗೆ ಹಾಜರಿ ಪುಸ್ತಕದಲ್ಲಷ್ಟೇ ಇದ್ದದ್ದು. ಉತ್ತರ ಕರ್ನಾಟಕದ ಅಕ್ಕೋರುಗಳು ಗೀಗೀ ಪದದ ಹರದೇಶಿ-ನಾಗೇಶಿ ಸವಾಲ್-ಜವಾಬನ್ನು ತರಲಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಪಂದ್ಯದಲ್ಲಿ ಹುಡುಗಿಯರು ಸುಮ್ಮನೆ ಕೂರುವುದಿಲ್ಲ.

ನಿಮ್ಮಲ್ಲಿ ಎಷ್ಟೋ ಜನ ಇದಕ್ಕಿಂತ ಒಳ್ಳೆಯದನ್ನು ಈಗಾಗಲೇ ಮಾಡುತ್ತಿದ್ದೀರಿ. ನಾಚುವ ಮಗುವಿನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸುವವರಿದ್ದೀರಿ. ಎಮ್ಮೆ ಕರು ಹಾಕಿದ್ದನ್ನು ಕಂಡ ಹುಡುಗನನ್ನು ವಿಜ್ಞಾನದ ಪಾಠಕ್ಕೆ ಮೇಷ್ಟ್ರು ಮಾಡುವವರಿದ್ದೀರಿ. ಆದರೆ ಪಕ್ಕದೂರಿನ ಶಾಲೆಗೆ ಅದರ ಸುದ್ದಿಯೇ ಇಲ್ಲ. ತಿಂಗಳಿಗೊಮ್ಮೆ ಕ್ಲಸ್ಟರಿನ ಸಮಾಲೋಚನಾ ಸಭೆಗೆ ಸೇರುತ್ತೇವೆ. ಸುತ್ತೋಲೆ ಓದುತ್ತಾರೆ, ನಮೂನೆ ಕೇಳುತ್ತಾರೆ, ಮೊಟ್ಟೆಯ ಲೆಕ್ಕ, ಎಸ್‌ಎಟಿಎಸ್ ಎಂಟ್ರಿ, ಗ್ರೂಪ್ ಫೋಟೋ, ಚಹಾ. ಸಮಾಲೋಚನೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ.

ಹೀಗೇ ಇರಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದರು. ಕಂಡದ್ದನ್ನು ಕೂತು ಚರ್ಚಿಸಿದರು, ಕಾರ್ಡು ಮಾಡಿದರು, ಹಾಡು ಕಟ್ಟಿದರು, ಒಬ್ಬರದನ್ನೊಬ್ಬರು ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹಾಗೆ. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು, ಹಬ್ಬಿದ ಮೇಲೆ ಏನೇನಾಯಿತು ಎಂಬುದು ಬೇರೆ ಕಥೆ. ಆದರೆ ಶಿಕ್ಷಕರೇ ಕೂತು ಮಾತಾಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ.

ನಮ್ಮ ಮೇಲಿನ ಹೊರೆ ಗೊತ್ತು. ಬಿಸಿಯೂಟ, ಬಿಎಲ್‌ಒ ಕೆಲಸ, ಜಾತಿ ಸಮೀಕ್ಷೆ, ಏಕೋಪಾಧ್ಯಾಯ ಶಾಲೆಯ ಪಾಡು. ಅದಕ್ಕಾಗಿ ಸಂಘ ಹೋರಾಡಲಿ, ನಾನೂ ಜೊತೆಗಿರುತ್ತೇನೆ. ಅಲ್ಲಿಯವರೆಗೆ ಒಂದು ಸಣ್ಣ ನೋಟ್‌ಬುಕ್ಕು ಜೇಬಿನಲ್ಲಿರಲಿ. ಇವತ್ತು ಒಂದು ಮಾತೂ ಆಡದ ಮಕ್ಕಳ ಹೆಸರನ್ನು ಸಂಜೆ ಅದರಲ್ಲಿ ಬರೆಯಿರಿ. ನಾಳೆಯ ಮೊದಲ ಪ್ರಶ್ನೆ ಅವರಿಗೆ. ವಾರ ಕಳೆದರೂ ಅದೇ ಹೆಸರು ಬರುತ್ತಿದ್ದರೆ ಆ ಮಗುವಿನ ಮನೆಯ ಕಡೆ ಒಮ್ಮೆ ಹೋಗಿ ಬನ್ನಿ.

ಮುಂದಿನ ಸಮಾಲೋಚನಾ ಸಭೆಯಲ್ಲಿ ಸಿಆರ್‌ಪಿಯವರನ್ನು ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಕೊಡದಿದ್ದರೆ ಚಹಾದ ಹೊತ್ತನ್ನೇ ಬಳಸಿಕೊಳ್ಳಿ. ಪ್ರತಿಯೊಬ್ಬರೂ ಒಂದು ಮಗುವಿನ ಬಾಯಿ ಬಿಡಿಸಿದ ಒಂದು ಉಪಾಯ ಹೇಳಿ, ಕೈಕೊಟ್ಟ ಉಪಾಯವನ್ನೂ ಮುಚ್ಚಿಡದೆ ಹೇಳಿ. ಪಿಪಿಟಿ ಬೇಡ, ವರದಿ ಬೇಡ, ಫೋಟೋ ಬೇಡ. ಪಕ್ಕದ ಶಾಲೆಯ ಟೀಚರ್ ಹೇಳಿದ್ದನ್ನು ಸೋಮವಾರವೇ ನಿಮ್ಮ ಕ್ಲಾಸಿನಲ್ಲಿ ಮಾಡಿ ನೋಡಿ.