ನೆಲದಡಿಯ ಹೂಳನ್ನೂ ನೋಡಿ

ಸಂಪಾದಕರೇ,

ಕೆರೆಯಂಗಳ ಮುಚ್ಚಿ ಮಾಡಿದ ಬಡಾವಣೆಗಳಲ್ಲಿ ಮನೆಗಳು ಬಿರುಕು ಬಿಡುತ್ತಿರುವ ಬಗ್ಗೆ ನಿಮ್ಮ ವರದಿ ಓದಿದೆ. ಸಿಮೆಂಟು, ಕಬ್ಬಿಣದ ಚರ್ಚೆ ಸಾಕಷ್ಟಿದೆ. ಅಡಿಯಲ್ಲಿರುವ ಹೂಳಿನ ಮಾತೇ ಇಲ್ಲ.

ಹೂಳಿನ ತುಂಬ ನೀರು. ಮೇಲೆ ಭಾರ ಬಿದ್ದಾಗ ಅದು ನಿಧಾನವಾಗಿ ಹೊರಬರುತ್ತದೆ, ನೆಲ ಕುಸಿಯುತ್ತದೆ. ಇದರ ಲೆಕ್ಕವನ್ನು ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1925ರಷ್ಟು ಹಿಂದೆಯೇ ಕೊಟ್ಟಿದ್ದಾರೆ. ಪರಿಹಾರವೂ ಇದೆ: ನೆಲದೊಳಕ್ಕೆ ಹತ್ತಿರ ಹತ್ತಿರ ಮರಳಿನ ಕಂಬಗಳನ್ನು ಇಳಿಸಿ, ಮೇಲೆ ಮಣ್ಣು ಹೇರಿ ತಿಂಗಳುಗಟ್ಟಲೆ ಬಿಡಬೇಕು. ನೀರು ಬೇಗ ಬಸಿದು, ಕಟ್ಟಡ ಏಳುವ ಮೊದಲೇ ನೆಲ ಕುಸಿಯಬೇಕಾದಷ್ಟರಲ್ಲಿ ಬಹುಪಾಲು ಕುಸಿದಿರುತ್ತದೆ. 1994ರಲ್ಲಿ ತೆರೆದ ಜಪಾನಿನ ಕಾನ್ಸಾಯ್ ವಿಮಾನ ನಿಲ್ದಾಣದ ದ್ವೀಪದಲ್ಲಿ ಮೇಲ್ಪದರದ ಜೇಡಿಯನ್ನು ಹೀಗೆಯೇ ಗಟ್ಟಿ ಮಾಡಿದರು. ಮರಳಿನ ಕಂಬ ತಲುಪದ ಆಳದ ಜೇಡಿ ಆಮೇಲೂ ಕುಸಿಯುತ್ತಲೇ ಬಂತು.

ನೆಲ ಎಷ್ಟು ಮೆತ್ತಗಿದೆ ಎಂದು ತಿಳಿಯಲು ಮಾಡುವ ಮಣ್ಣು ಪರೀಕ್ಷೆಯಲ್ಲಿ 63.5 ಕಿಲೋ ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸಿ, ಕೊಳವೆ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕೆಂದು ಎಣಿಸುತ್ತಾರೆ. ಹೂಳಿನಲ್ಲಿ ಎರಡು-ಮೂರು ಪೆಟ್ಟಿಗೇ ಇಳಿದುಬಿಡುತ್ತದೆ. ಕೊಳವೆ ಬಿಚ್ಚಿದರೆ ಹೆಬ್ಬೆರಳು ಸಲೀಸಾಗಿ ಹೂತುಹೋಗುವ ಕಪ್ಪು ಜೇಡಿ, ಕೆಸರಿನ ವಾಸನೆ. ಅಂಥ ನಿವೇಶನದ ಮೇಲೆ ಒಡೆದ ಕಟ್ಟಡಗಳ ಮಣ್ಣು ಸುರಿದು, ರೋಲರ್ ಓಡಿಸಿ, ಗಟ್ಟಿಯಾಯಿತು ಎಂದು ಪಾಯ ತೋಡುವುದನ್ನು ಕಣ್ಣಾರೆ ಕಂಡಿದ್ದೇನೆ. ರೋಲರ್ ಒತ್ತುವುದು ಮೇಲಿನ ಪದರವನ್ನಷ್ಟೇ. ಜೀವಮಾನದ ಉಳಿತಾಯ ಸುರಿದು ಮನೆ ಕೊಳ್ಳುವವರಿಗೆ ಇದು ತಿಳಿಯುವುದಾದರೂ ಹೇಗೆ?

ಕೆರೆಯಂಗಳದ ಯಾವುದೇ ಬಹುಮಹಡಿ ಕಟ್ಟಡಕ್ಕೆ ನಕ್ಷೆ ಮಂಜೂರು ಮಾಡುವ ಮುನ್ನ ಅಧಿಕಾರಿಗಳು ಮಣ್ಣು ಪರೀಕ್ಷೆಯ ವರದಿಯನ್ನು ಪರಿಶೀಲಿಸಲಿ. ಅದರ ಪ್ರತಿಯನ್ನು ಕ್ರಯಪತ್ರದ ಜತೆ ಖರೀದಿದಾರರಿಗೂ ಕೊಡಲಿ.

— ನಿವೃತ್ತ ಎಂಜಿನಿಯರ್, ಬೆಂಗಳೂರು