‘ಕೊಡು’ ಎಂದರೆ ಸಾಲದು

ಮೇಜಿನ ಮೇಲೆ ಪುಸ್ತಕವೊಂದಿದೆ. ತಮ್ಮನತ್ತ ಕೈ ಚಾಚಿ ‘ಕೊಡು’ ಎನ್ನುತ್ತೇವೆ. ಏನನ್ನು, ಯಾರಿಗೆ ಎಂದು ಬಿಡಿಸಿ ಹೇಳಬೇಕಾದ ಅಗತ್ಯ ಕನ್ನಡಕ್ಕಿಲ್ಲ; ಉಳಿದುದನ್ನು ಚಾಚಿದ ಕೈಯೇ ಹೇಳುತ್ತದೆ. ಸ್ಪ್ಯಾನಿಷ್ ಭಾಷೆಗೆ ಇಷ್ಟರಿಂದ ತೃಪ್ತಿಯಿಲ್ಲ. ಅಲ್ಲಿ ‘ದಾ’ ಎಂದರೆ ಕೊಡು. ಆದರೆ ಬರಿಯ ‘ದಾ’ ಎಂದರೆ ಕೇಳಿದವನು ಮುಂದಿನ ಮಾತಿಗಾಗಿ ಕಾಯುತ್ತಾನೆ. ‘ನನಗೆ’ ಎಂಬರ್ಥದ ‘ಮೆ’, ‘ಅದನ್ನು’ ಎಂಬರ್ಥದ ‘ಲೊ’ ಇವೆರಡೂ ಕ್ರಿಯಾಪದದ ಬೆನ್ನಿಗಂಟಿ ‘ದಾಮೆಲೊ’ ಎಂದಾದಾಗಲೇ ಮಾತು ಪೂರ್ಣವಾಗುತ್ತದೆ.

ಈ ಜೋಡಣೆಗೆ ಕಟ್ಟುನಿಟ್ಟಾದ ಕ್ರಮವುಂಟು. ‘ಯಾರಿಗೆ’ ಎಂಬುದು ಮೊದಲು, ‘ಏನನ್ನು’ ಎಂಬುದು ಅನಂತರ. ‘ಅವನಿಗೆ’ ಎನ್ನಲು ‘ಲೆ’ ಎಂಬ ಶಬ್ದವಿದೆ. ಆದರೆ ‘ಲೆ’ ಮತ್ತು ‘ಲೊ’ ಒಟ್ಟಿಗೆ ಬರುವಂತಿಲ್ಲ. ‘ಲೆ’ ತನ್ನ ರೂಪವನ್ನು ಬಿಟ್ಟು ‘ಸೆ’ ಆಗುತ್ತದೆ. ಆದ್ದರಿಂದ ‘ಅದನ್ನು ಅವನಿಗೆ ಕೊಡು’ ಎಂಬುದಕ್ಕೆ ‘ದಾಸೆಲೊ’. ಬಾಲ ಎಷ್ಟು ಬೆಳೆದರೂ ಉಚ್ಚಾರಣೆಯ ಒತ್ತು ಮಾತ್ರ ಮೂಲ ಸ್ಥಾನದಿಂದ ಕದಲದು. ‘ದಾಮೆ’ ಎಂದು ಬರೆಯುವಾಗ ಇಲ್ಲದ ಒತ್ತುಗೆರೆ ‘ದಾಮೆಲೊ’ದಲ್ಲಿ ಮೊದಲ ಸ್ವರದ ಮೇಲೆ ಕಾಣಿಸಿಕೊಳ್ಳುವುದು ಈ ಕಾರಣದಿಂದಲೇ.

ಇನ್ನು ‘ಬೇಡ’ ಎನ್ನುವ ಸಂದರ್ಭ. ನಾವು ‘ಕೊಡಬೇಡ’ ಎಂದು ನಿಷೇಧವನ್ನು ಕೊನೆಗಿಡುತ್ತೇವೆ. ಅಲ್ಲಿ ‘ನೊ’ ಎಂಬುದು ಮುಂದೆ ನಿಲ್ಲುತ್ತದೆ. ಸರ್ವನಾಮಗಳೂ ಕ್ರಿಯಾಪದದ ಬೆನ್ನಿಳಿದು ಅದರ ಮುಂದೆ ಬಂದು, ಬಿಡಿಬಿಡಿಯಾಗಿ ಕೂರುತ್ತವೆ. ಕ್ರಿಯಾಪದವೂ ವೇಷ ಬದಲಿಸುತ್ತದೆ: ‘ನೊ ಮೆ ಲೊ ದೆಸ್’, ನನಗೆ ಅದನ್ನು ಕೊಡಬೇಡ. ಇವೆಲ್ಲವೂ ‘ನೀನು’ ಎನ್ನಬಹುದಾದವರಿಗೆ ಸಲ್ಲುವ ಮಾತು. ‘ನೀವು’ ಎನ್ನಬೇಕಾದವರಿಗೆ ಬೇರೆ ರೂಪಗಳಿವೆ. ‘ನೀನು’ ಎಂಬುದೂ ಎಲ್ಲೆಡೆ ಒಂದೇ ಅಲ್ಲ. ಸ್ಪೇನಿನಲ್ಲಿ ಗೆಳೆಯನಿಗೆ ‘ಕುಳಿತುಕೋ’ ಎನ್ನಲು ‘ಸಿಯೆಂತತೆ’ ಎಂದರೆ, ಆರ್ಜೆಂಟೀನದಲ್ಲಿ ಒತ್ತು ಮುಂದೆ ಸರಿದು ‘ಸೆಂತಾತೆ’ ಎಂದಾಗುತ್ತದೆ.

ಕೊನೆಯ ಈ ‘ತೆ’ ಎಂಬುದು ಕನ್ನಡಿಗರಿಗೆ ಅಪರಿಚಿತವೆನಿಸಬೇಕಾಗಿಲ್ಲ. ‘ನಿನ್ನನ್ನು ನೀನೇ’ ಎಂಬ ಭಾವ ಅದರದು. ತಟ್ಟೆಯನ್ನು ‘ತೊಳೆ’ ಎನ್ನುತ್ತೇವೆ, ಮುಖವನ್ನು ‘ತೊಳೆದುಕೋ’ ಎನ್ನುತ್ತೇವೆ. ಅವರು ಮೊದಲನೆಯದಕ್ಕೆ ‘ಲಾಬ’, ಎರಡನೆಯದಕ್ಕೆ ‘ಲಾಬತೆ’ ಎನ್ನುತ್ತಾರೆ. ನಮ್ಮ ‘ಕೊಳ್ಳು’ ಕ್ರಿಯಾಪದ, ಅವರ ‘ತೆ’ ಸರ್ವನಾಮ. ಮನೆತನ ಬೇರೆಯಾದರೂ ಮಾಡುವ ಕೆಲಸ ಒಂದೇ. ‘ನಿನ್ನ ಮುಖ’ ಎಂದು ಇಬ್ಬರೂ ಹೇಳುವುದಿಲ್ಲ. ತೊಳೆದುಕೊಳ್ಳುವವನ ಮುಖ ಯಾರದೆಂಬುದು ಆ ಪ್ರತ್ಯಯದಿಂದಲೇ ತಿಳಿದುಬಿಡುತ್ತದೆ!

ಆದರೆ ಇಷ್ಟು ಸಣ್ಣ ಅಕ್ಷರವನ್ನು ಹಗುರವಾಗಿ ಎಣಿಸಬಾರದು. ‘ಹೋಗು’ ಎಂಬುದಕ್ಕೆ ‘ಬೆ’ ಎಂಬ ರೂಪವಿದೆ. ಅಂಗಡಿಗೆ ಹೋಗು, ಅಜ್ಜಿಯ ಬಳಿಗೆ ಹೋಗು ಎನ್ನುವಾಗ ಬಳಸಬಹುದಾದ ಮಾತು. ಅದರ ದೃಷ್ಟಿ ಸೇರಬೇಕಾದ ಸ್ಥಳದ ಮೇಲೆ. ಅದಕ್ಕೆ ‘ತೆ’ ಸೇರಿ ‘ಬೆತೆ’ ಎಂದಾದರೆ ದೃಷ್ಟಿ ಬಿಟ್ಟು ಹೋಗಬೇಕಾದ ಸ್ಥಳದತ್ತ ತಿರುಗುತ್ತದೆ: ಇಲ್ಲಿಂದ ಹೊರಡು. ಮಕ್ಕಳನ್ನು ಮಲಗಲು ಕಳುಹಿಸುವಾಗ ಅದು ನಿರಪಾಯಕರ ಮಾತೇ. ಆದರೆ ಕೋಪದಲ್ಲಿ, ಬಾಗಿಲಿನತ್ತ ಬೆರಳು ತೋರಿ, ಅದೊಂದನ್ನೇ ಆಡಿದರೆ ‘ತೊಲಗು’ ಎಂದಂತೆ. ಭಾಷೆಯನ್ನು ಹೊಸದಾಗಿ ಕಲಿತವನು ವ್ಯಾಕರಣದ ಒಂದು ತುಣುಕನ್ನು ಸೇರಿಸಿದೆನೆಂದು ಭಾವಿಸಬಹುದು. ಕೇಳಿದವನ ಎದೆಗೆ ತಾಕುವುದು ಬೇರೆಯೇ.

ಇನ್ನೂ ಸ್ವಾರಸ್ಯವೆಂದರೆ, ಹೊರಗಟ್ಟುವ ಈ ‘ತೆ’ಯೇ ತಡೆದು ನಿಲ್ಲಿಸಲೂ ಬಲ್ಲದು. ‘ನೊ ತೆ ಬಾಯಾಸ್’: ಬಿಟ್ಟು ಹೋಗಬೇಡ. ಬೆನ್ನಿಗಂಟಿದಾಗ ನೂಕಿದ ಅಕ್ಷರ, ಮುಂದೆ ಬಂದು ನಿಂತಾಗ ದಾರಿಗಡ್ಡವಾಗಿ ಕೈ ಹಿಡಿಯುತ್ತದೆ. ಹೊರಟವರಿಗೆ ಬರಿಯ ‘ಹೋಗು’ ಎನ್ನಲಾರದೆ ‘ಹೋಗಿ ಬಾ’ ಎನ್ನುವ ನಮಗೆ, ಈ ಸೂಕ್ಷ್ಮವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.